ತಪ್ಪು ನಡೆದಲ್ಲೇ ಚೆಂಡು ಇಡಬೇಕು



ಕಳೆದ ಅಮಾವಾಸ್ಯೆಯಂದು ಉಕ್ಕಡಗಾತ್ರಿಗೆ ಹೋಗಿದ್ದೆ. ಕರಿಬಸವಜ್ಜಯ್ಯನ ಗದ್ದುಗೆಯ ದರ್ಶನ ಮುಗಿಸಿಕೊಂಡು ತುಂಗಭದ್ರೆಯ ದಡಕ್ಕೆ ಬಂದರೆ ಹೊಳೆಯಲ್ಲಿ ಮೀಯುವವರ ಸಂದಣಿ ಎಂದಿನಂತೆಯೇ ಇತ್ತು. ಜನ ಕಡಿಮೆಯಿದ್ದ ಒಂದು ಕಡೆ ಹುಡುಗರು ಚಪ್ಪಲಿಗಳನ್ನೇ ಗೋಲಿನ ಕಂಬಗಳಾಗಿ ಇಟ್ಟುಕೊಂಡು ಫುಟ್‌ಬಾಲ್ ಆಡುತ್ತಿದ್ದರು. ನನ್ನ ಜೊತೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲೇ ಕಲ್ಲಿನ ಮೇಲೆ ಕುಳಿತ, ನಾನೂ ಕುಳಿತೆ.

ಒಬ್ಬ ಹುಡುಗ ಇನ್ನೊಬ್ಬನನ್ನು ಕಾಲು ಕೊಟ್ಟು ಬೀಳಿಸಿದ. ಫ್ರೀ ಕಿಕ್ ಎಂಬುದನ್ನು ಎಲ್ಲರೂ ಒಪ್ಪಿದರು. ಬಿದ್ದವನು ಎದ್ದು, ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ, ಚೆಂಡನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಂದು ಇಟ್ಟ. ಬೀಳಿಸಿದವನು ಬಂದು ಅದನ್ನು ಕಾಲಿನಿಂದಲೇ ಹತ್ತು ಹೆಜ್ಜೆ ಹಿಂದಕ್ಕೆ ನೂಕಿದ. ಜಗಳ ಹತ್ತಿತು. ಕೊನೆಗೆ ಅವರಲ್ಲಿ ದೊಡ್ಡವನಾದ ಹುಡುಗ ಬಂದು, "ಎರಡಕ್ಕೂ ನಡುವೆ ಇಡ್ರೋ" ಎಂದು ರಾಜಿ ಮಾಡಿಸಿದ. ಎಲ್ಲರೂ ಒಪ್ಪಿದರು.

ಜೀವಮಾನವೆಲ್ಲ ಗಣಿತ ಪಾಠ ಮಾಡಿದ ನನಗೆ ಲೆಕ್ಕ ಹಾಕದೆ ಇರಲಾಗಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದ ಚೆಂಡು ಹತ್ತು ಹೆಜ್ಜೆ ಹಿಂದೆ ಬಂದರೆ, ಅದು ಮೂಲ ಸ್ಥಾನಕ್ಕಿಂತ ಆರು ಹೆಜ್ಜೆ ಹಿಂದಿರುತ್ತದೆ. ನಾಲ್ಕು ಮುಂದಿನದಕ್ಕೂ ಆರು ಹಿಂದಿನದಕ್ಕೂ ನಡುವಿನ ಬಿಂದು ಯಾವುದು? ಮೂಲ ಸ್ಥಾನಕ್ಕಿಂತ ಒಂದು ಹೆಜ್ಜೆ ಹಿಂದೆ! ಅಂದರೆ ರಾಜಿಯಲ್ಲಿ ಗೆದ್ದವನು ಯಾರು? ಹೆಚ್ಚು ನೂಕಿದವನು. ತಪ್ಪು ಮಾಡಿದವನೂ ಅವನೇ, ಒಂದು ಹೆಜ್ಜೆ ಲಾಭ ಪಡೆದವನೂ ಅವನೇ.

ಇದನ್ನು ಹೇಳಿದಾಗ ನನ್ನ ಶಿಷ್ಯ ನಕ್ಕುಬಿಟ್ಟ. "ಬಿಡಿ ಸಾರ್, ಆಟ ತಾನೇ? ಚೆಂಡು ಎಲ್ಲಿಟ್ಟರೇನು, ಒದೆಯೋದಷ್ಟೇ ಮುಖ್ಯ" ಎಂದ. ಆ ಮಾತಿಗೆ ಅಲ್ಲಿ ಉತ್ತರ ಕೊಡಲಿಲ್ಲ. ಊಟದ ಹೊತ್ತಾಗಿತ್ತು. ಇಲ್ಲಿ ಕೊಡುತ್ತಿದ್ದೇನೆ. ತಮ್ಮಾ, ನೀನು ಓದುತ್ತೀ ಎಂದು ನನಗೆ ಗೊತ್ತು.

ಮೊದಲು ನಿಯಮ ಏನೆನ್ನುತ್ತದೆ ನೋಡೋಣ. ಫುಟ್‌ಬಾಲ್ ಆಟದ ಹದಿನೇಳು ನಿಯಮಗಳಲ್ಲಿ ಹದಿಮೂರನೆಯದು ಫ್ರೀ ಕಿಕ್ಕಿಗೆ ಮೀಸಲಾದದ್ದು. ಅಪರಾಧ ಎಲ್ಲಿ ನಡೆಯಿತೋ ಅಲ್ಲಿಂದಲೇ ಚೆಂಡನ್ನು ಒದೆಯಬೇಕು ಎಂಬುದು ಅದರ ಮೂಲ ಸೂತ್ರ. ಚೆಂಡು ಅಲುಗಾಡದೆ ನಿಂತಿರಬೇಕು. ಎದುರಾಳಿಗಳು 9.15 ಮೀಟರ್, ಅಂದರೆ ಹತ್ತು ಗಜ ದೂರ ಸರಿಯಬೇಕು. ಗಮನಿಸಿ: ಆಟಗಾರ ಬಿದ್ದ ಜಾಗವಲ್ಲ, ಚೆಂಡು ಉರುಳಿ ಹೋಗಿ ನಿಂತ ಜಾಗವಲ್ಲ, ರೆಫರಿ ನಿಂತಿದ್ದ ಜಾಗವೂ ಅಲ್ಲ, ಅಪರಾಧ ನಡೆದ ಜಾಗ. ಕಾಲಿಗೆ ಕಾಲು ತಾಗಿದ್ದು ಎಲ್ಲೋ ಅಲ್ಲಿ.

ಈ ಸೂತ್ರಕ್ಕೆ ಅಪವಾದಗಳಿಲ್ಲವೆಂದಲ್ಲ. ಗೋಲಿನ ಮುಂದಿರುವ 5.5 ಮೀಟರಿನ ಚಿಕ್ಕ ಆವರಣದೊಳಗೆ ದಾಳಿ ಮಾಡುವ ತಂಡಕ್ಕೆ ಪರೋಕ್ಷ ಫ್ರೀ ಕಿಕ್ ಸಿಕ್ಕರೆ, ಚೆಂಡನ್ನು ಗೋಲಿನ ಗೆರೆಗೆ ಸಮಾನಾಂತರವಾಗಿರುವ ಆ ಆವರಣದ ಗೆರೆಯ ಮೇಲೆ, ಅತ್ಯಂತ ಸಮೀಪದ ಬಿಂದುವಿಗೆ ತಂದು ಇಡಬೇಕು. ಅದೇ ಆವರಣದಲ್ಲಿ ರಕ್ಷಣಾ ತಂಡಕ್ಕೆ ಫ್ರೀ ಕಿಕ್ ಸಿಕ್ಕರೆ ಅವರು ಆವರಣದ ಯಾವ ಮೂಲೆಯಿಂದಲಾದರೂ ಒದೆಯಬಹುದು. ಆಟ ನಡೆಯುತ್ತಿರುವಾಗ ಮೈದಾನದ ಹೊರಗೆ ನಡೆದ ಅಪರಾಧಕ್ಕೆ ಫ್ರೀ ಕಿಕ್ ಕೊಡಬೇಕಾಗಿ ಬಂದರೆ, ಅತಿ ಸಮೀಪದ ಗಡಿ ಗೆರೆಯ ಮೇಲೆ ಚೆಂಡು ಇಡುತ್ತಾರೆ. ಆದರೆ ಇವೆಲ್ಲ ಬರೆದಿಟ್ಟ ಅಪವಾದಗಳು; ಆಟ ಆರಂಭವಾಗುವ ಮೊದಲೇ ಇಬ್ಬರಿಗೂ ತಿಳಿದಿರುವಂಥವು. ಜಗಳ ಹತ್ತಿದ ಮೇಲೆ ಹುಟ್ಟಿದ ರಾಜಿಗಳಲ್ಲ.

"ನಾಲ್ಕು ಹೆಜ್ಜೆಯಿಂದ ಏನಾಗುತ್ತದೆ?" ಎನ್ನುವವರಿಗೆ ನಮ್ಮ ಕಡೆಯ ಒಂದು ಉದಾಹರಣೆಯೇ ಸಾಕು. ನಿಮ್ಮಲ್ಲಿ ಬಹುಮಂದಿ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳ ಮಕ್ಕಳು. ಬದು ಒತ್ತುವುದು ಎಂದರೇನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪಕ್ಕದವನ ಗದ್ದೆಯನ್ನು ಯಾರೂ ಒಂದೇ ದಿನದಲ್ಲಿ ನುಂಗುವುದಿಲ್ಲ. ಈ ವರ್ಷ ಬದುವಿನ ಅಂಚನ್ನು ನಾಲ್ಕು ಬೆರಳು ಕೆತ್ತುತ್ತಾನೆ, ಮುಂದಿನ ವರ್ಷ ಇನ್ನು ನಾಲ್ಕು ಬೆರಳು. ಕೇಳಿದರೆ, "ಅಷ್ಟಕ್ಕೆಲ್ಲ ಜಗಳವೇನಪ್ಪಾ?" ಎಂದು ನಮ್ಮನ್ನೇ ಸಣ್ಣವರನ್ನಾಗಿ ಮಾಡುತ್ತಾನೆ. ಹತ್ತು ವರ್ಷದ ಮೇಲೆ ಸರ್ವೆಯವರು ಬಂದು ಅಳೆದಾಗ ಒಂದು ಸಾಲು ಪೂರ್ತಿ ಹೋಗಿರುತ್ತದೆ. ಫ್ರೀ ಕಿಕ್ಕಿನ ಚೆಂಡನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಉರುಳಿಸುವವನೂ, ಅದನ್ನು ಹಿಂದಕ್ಕೆ ನೂಕುವವನೂ ಮಾಡುವುದು ಈ ಬದುವಿನ ಕೆಲಸವನ್ನೇ.

ಜಗತ್ತಿನ ದೊಡ್ಡ ಆಟಗಾರರೂ ಇದರಿಂದ ಹೊರತಲ್ಲ. ಇಲ್ಲದಿದ್ದರೆ ರೆಫರಿಯ ಸೊಂಟಕ್ಕೆ ನೊರೆಯ ಡಬ್ಬಿ ಯಾಕೆ ಬರುತ್ತಿತ್ತು? 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ರೆಫರಿಗಳು ಚೆಂಡಿನ ಮುಂದೊಂದು, ಎದುರಾಳಿಗಳ ಗೋಡೆಯ ಮುಂದೊಂದು ಬಿಳಿ ಗೆರೆ ಎಳೆಯುತ್ತಿದ್ದುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಸ್ವಲ್ಪ ಹೊತ್ತಿಗೆ ಮಾಯವಾಗುವ ಗೆರೆ ಅದು. ಕೋಟಿಗಟ್ಟಲೆ ಸಂಪಾದಿಸುವ ಆಟಗಾರರು ಒಂದು ನಿಮಿಷ ತಮ್ಮ ಜಾಗದಲ್ಲಿ ಇರುತ್ತಾರೆಂಬ ನಂಬಿಕೆ ಜಗತ್ತಿಗೆ ಇರಲಿಲ್ಲ ಎಂಬುದಕ್ಕೆ ಆ ನೊರೆಯೇ ಸಾಕ್ಷಿ.

ಇನ್ನು ನಮ್ಮ ರಾಜ್ಯದಲ್ಲೇ ನಡೆದ ದೊಡ್ಡ ಗಲಾಟೆಗೆ ಬರುತ್ತೇನೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲಿ ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಸೇರಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಸೀಟಿ ಊದುವ ಮೊದಲೇ ಒದೆದರೆಂದು ಆಕ್ಷೇಪಿಸಿ ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು, ತಂಡ ಹೊರನಡೆಯಿತು. ಪಂದ್ಯ ಬೆಂಗಳೂರಿನದಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳದ ದೂರನ್ನು ತಳ್ಳಿಹಾಕಿ, ಆ ತಿಂಗಳ ಕೊನೆಗೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು.

ಆಗ ನಮ್ಮ ಮನೆಯಲ್ಲೇ ಎರಡು ಪಕ್ಷಗಳಾಗಿದ್ದವು. "ಗೋಡೆ ಕಟ್ಟುವ ತನಕ ಕಾಯಬೇಕಿತ್ತು, ಅದು ಸಭ್ಯತೆ" ಎನ್ನುವವರು ಒಂದು ಕಡೆ. "ಗೋಲು ಗೋಲೇ" ಎನ್ನುವವರು ಇನ್ನೊಂದು ಕಡೆ. ಚರ್ಚೆಯೆಲ್ಲ ಸೀಟಿಯ ಸುತ್ತಲೇ ಸುತ್ತಿತು. ಜಾಗದ ಮಾತನ್ನು ಎತ್ತಿದವರನ್ನು ನಾನು ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಬೀಗದ ಕೈ ಇರುವುದು ಜಾಗದಲ್ಲಿಯೇ.

ಹೇಗೆಂದು ಕೇಳಿ. ನಿಯಮದ ಪ್ರಕಾರ ಫ್ರೀ ಕಿಕ್ಕಿಗೆ ಪ್ರತಿ ಸಲವೂ ಸೀಟಿ ಬೇಕಾಗಿಲ್ಲ. ರೆಫರಿ "ಸೀಟಿಗೆ ಕಾಯಿರಿ" ಎಂದು ಸೂಚಿಸಿದರೆ ಕಾಯಬೇಕು. ಹಾಗೆ ಸೂಚಿಸದಿದ್ದರೆ ನೊಂದ ತಂಡ ತಕ್ಷಣ ಒದೆಯಬಹುದು. ಕಂಠೀರವದಲ್ಲಿ ಅಂಥ ಸೂಚನೆ ಕೊಟ್ಟಿದ್ದರೇ ಇಲ್ಲವೇ ಎಂಬುದೇ ಕೇರಳದವರ ತಕರಾರಿನ ತಿರುಳು. ಅದರ ತೀರ್ಪು ಆಗಿಹೋಗಿದೆ. ನಾನು ಕೇಳುವುದು ಬೇರೆ. ತಕ್ಷಣ ಒದೆಯುವ ಈ ಹಕ್ಕನ್ನು ನಿಯಮ ಯಾವ ಧೈರ್ಯದ ಮೇಲೆ ಕೊಟ್ಟಿತು? ಜಾಗ ಮೊದಲೇ ನಿಗದಿಯಾಗಿದೆ ಎಂಬ ಧೈರ್ಯದ ಮೇಲೆ! ಅಪರಾಧ ನಡೆದ ಕ್ಷಣದಲ್ಲೇ ಜಾಗದ ನಿರ್ಧಾರವೂ ಆಗಿಹೋಯಿತು. ಅದನ್ನು ಯಾರೊಡನೆಯೂ ಚೌಕಾಸಿ ಮಾಡಬೇಕಾಗಿಲ್ಲ, ಆದ್ದರಿಂದ ಯಾರಿಗೂ ಕಾಯಬೇಕಾಗಿಲ್ಲ. ಜಾಗ ಅಪರಾಧಕ್ಕೆ ಸೇರಿದ್ದು. ಸಮಯ ನೊಂದವನಿಗೆ ಸೇರಿದ್ದು. ಅಪರಾಧಿಗೆ ಉಳಿದಿರುವುದು ಹತ್ತು ಗಜ ದೂರ ಸರಿಯುವ ಕರ್ತವ್ಯ ಮಾತ್ರ. ಗೋಡೆ ಕಟ್ಟುವುದು ಅವನಿಗೆ ಸಿಗುವ ಅವಕಾಶವೇ ಹೊರತು ಹಕ್ಕಲ್ಲ.

ಜಾಗವನ್ನು ಸಡಿಲ ಮಾಡಿ ನೋಡಿ, ಏನಾಗುತ್ತದೆ? ಹೊಳೆ ದಡದ ಹುಡುಗರಿಗೆ ಆದದ್ದೇ ಆಗುತ್ತದೆ. ಮುಂದಿಟ್ಟ, ಹಿಂದಿಟ್ಟ, ಜಗಳ, ರಾಜಿ. ಅಷ್ಟರಲ್ಲಿ ತಪ್ಪು ಮಾಡಿದ ಗುಂಪಿನವರೆಲ್ಲ ಉಸಿರು ತೆಗೆದುಕೊಂಡು, ಸಾಲಾಗಿ ನಿಂತು, ಸಿದ್ಧರಾಗಿರುತ್ತಾರೆ. ಹೀಗೆ ಚೆಂಡಿನ ಜಾಗದ ಬಗ್ಗೆ ತಕರಾರು ತೆಗೆಯುವವನಿಗೆ ಬೇಕಾಗಿರುವುದು ಎಷ್ಟೋ ಸಲ ಜಾಗವಲ್ಲ, ಸಮಯ. ಜಾಗದಲ್ಲಿ ಒಂದು ಹೆಜ್ಜೆ ಕದ್ದವನಿಗೆ ಸಮಯವೂ ಉಚಿತವಾಗಿ ದಕ್ಕುತ್ತದೆ.

ಇಲ್ಲಿ ಬುದ್ಧಿವಂತರು ಒಂದು ಪ್ರಶ್ನೆ ಎತ್ತಬಹುದು. "ಮೇಷ್ಟ್ರೇ, ಅಪರಾಧ ನಡೆದ ಜಾಗದಲ್ಲೇ ಇಟ್ಟರೆ ಕೆಲವೊಮ್ಮೆ ಅನ್ಯಾಯವಾಗುವುದಿಲ್ಲವೇ?" ಎಂದು. ಆಗುತ್ತದೆ. ಆಗಿದೆ ಕೂಡ. 1891ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯವೊಂದರಲ್ಲಿ ಸ್ಟೋಕ್ ತಂಡದವರು ಒದೆದ ಚೆಂಡು ಗೋಲಿನೊಳಕ್ಕೆ ಹೋಗುತ್ತಿದ್ದಾಗ ನಾಟ್ಸ್ ಕೌಂಟಿಯ ಆಟಗಾರನೊಬ್ಬ ಗೆರೆಯ ಬಳಿಯೇ ಕೈಯಿಂದ ತಡೆದ. ಆಗ ಪೆನಾಲ್ಟಿ ಎಂಬುದೇ ಇರಲಿಲ್ಲ. ಅಪರಾಧ ನಡೆದ ಜಾಗದಲ್ಲಿ, ಅಂದರೆ ಗೋಲಿನ ಗೆರೆಯ ಹತ್ತಿರದಲ್ಲೇ, ಚೆಂಡಿಟ್ಟು ಫ್ರೀ ಕಿಕ್ ಕೊಟ್ಟರು. ಗೋಲ್‌ಕೀಪರ್ ಚೆಂಡಿನ ಮುಂದೆಯೇ ನಿಂತು ಅದನ್ನು ತಡೆದುಬಿಟ್ಟ. ಸ್ಟೋಕ್ ಆ ಪಂದ್ಯವನ್ನು 1–0 ಅಂತರದಲ್ಲಿ ಸೋತಿತು. ಸರಿಯಾದ ಜಾಗ, ಆದರೂ ನೊಂದವನ ಕೈಗೆ ಸಿಕ್ಕಿದ್ದು ಬರೀ ಸೊನ್ನೆ!

ಆದರೆ ಮುಂದೆ ಏನಾಯಿತು ಎಂಬುದನ್ನೂ ನೋಡಬೇಕು. ಐರ್ಲೆಂಡಿನ ವಿಲಿಯಂ ಮೆಕ್ರಮ್ ಎಂಬ ಗೋಲ್‌ಕೀಪರ್ ಸೂಚಿಸಿದ್ದ ಪೆನಾಲ್ಟಿ ಕಿಕ್ ಅದೇ ವರ್ಷದ ಜೂನ್‌ನಲ್ಲಿ ನಿಯಮವಾಯಿತು. ಮೊದಲು ಗೋಲಿನಿಂದ ಹನ್ನೆರಡು ಗಜ ದೂರದ ಗೆರೆಯ ಮೇಲೆ ಎಲ್ಲಿಂದ ಬೇಕಾದರೂ ಒದೆಯಬಹುದಿತ್ತು. 1902ರಲ್ಲಿ ಅದಕ್ಕೊಂದು ನಿಶ್ಚಿತ ಬಿಂದುವನ್ನೂ, ಇಂದು ನಾವು ಕಾಣುವ ಪೆನಾಲ್ಟಿ ಬಾಕ್ಸನ್ನೂ ಗುರುತಿಸಿದರು. ಜಾಗ ಬದಲಾಯಿತು, ನಿಜ. ಬದಲಾದದ್ದು ನೊಂದವನ ಪರವಾಗಿ, ಬರಹದ ಮೂಲಕ, ಎಲ್ಲರಿಗೂ ಒಂದೇ ರೀತಿಯಲ್ಲಿ. ಯಾವ ರೆಫರಿಯೂ ಮೈದಾನದ ನಡುವೆ ನಿಂತು ತನ್ನ ಮನಸ್ಸಿಗೆ ಬಂದಂತೆ ಬದಲಾಯಿಸಲಿಲ್ಲ.

ದಂಡನೆಗಾಗಿ ಜಾಗವನ್ನು ಸರಿಸುವ ಪ್ರಯೋಗವೂ ಒಮ್ಮೆ ನಡೆಯಿತು. 2000ದ ನಂತರದ ಕೆಲವು ವರ್ಷ ಇಂಗ್ಲೆಂಡಿನಲ್ಲಿ ರೆಫರಿಯೊಡನೆ ವಾದಕ್ಕಿಳಿದರೆ ಫ್ರೀ ಕಿಕ್ಕನ್ನು ಹತ್ತು ಗಜ ಮುಂದಕ್ಕೆ ಒಯ್ಯುತ್ತಿದ್ದರು. ರಗ್ಬಿ ಆಟದಿಂದ ಬಂದ ಉಪಾಯ ಅದು. 2005ರಲ್ಲಿ ಅದನ್ನು ಕೈಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತು ಎನ್ನುವವನು ನಾನು. ನಾಲಿಗೆ ಮಾಡಿದ ತಪ್ಪಿಗೆ ಹಳದಿ ಕಾರ್ಡ್ ಇದೆ. ಕಾಲು ಮಾಡಿದ ತಪ್ಪಿಗೆ ಜಾಗವಿದೆ. ಎರಡನ್ನೂ ಬೆರೆಸಬಾರದು. ಗೋಲಿಗೆ ತೀರಾ ಹತ್ತಿರ ತಂದಿಟ್ಟ ಚೆಂಡನ್ನು ಗೋಡೆಯ ಮೇಲಿಂದ ಎತ್ತಿ ಇಳಿಸುವುದು ಇನ್ನೂ ಕಷ್ಟ ಎಂಬುದನ್ನು ಒದೆದು ನೋಡಿದವರೆಲ್ಲ ಬಲ್ಲರು.

ಇಷ್ಟೆಲ್ಲ ಬರೆದ ಮೇಲೆ, "ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಫುಟ್‌ಬಾಲಿನ ಮೇಲೆ ಇಷ್ಟೊಂದು ಹಟ ಯಾಕೆ?" ಎಂದು ನಿಮಗೆ ಅನ್ನಿಸಿರಬಹುದು. ಅದಕ್ಕೆ ಕಾರಣವಿದೆ. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಯಾರಿಗೂ ಹೇಳದೆ ಇಟ್ಟುಕೊಂಡ ಕಾರಣ.

ಅದು 1988. ಆಗ ನಮ್ಮದಿನ್ನೂ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಶಾಲೆಗಳ ನಡುವಿನ ಪಂದ್ಯಕ್ಕೆಂದು ನಮ್ಮ ಹುಡುಗರನ್ನು ಇನ್ನೊಂದು ಊರಿಗೆ ಕರೆದೊಯ್ದಿದ್ದೆವು. ಬರಬೇಕಾಗಿದ್ದ ರೆಫರಿ ಬರಲಿಲ್ಲ. ಆತಿಥೇಯ ಶಾಲೆಯವರು, "ನೀವೇ ಊದಿ ಸಾರ್, ನಿಮ್ಮ ಮೇಲೆ ನಮಗೆ ನಂಬಿಕೆ ಇದೆ" ಎಂದು ಸೀಟಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಕಡೆ ನನ್ನದೇ ಶಾಲೆಯ ತಂಡ. ಬೇಡವೆನ್ನಬೇಕಾಗಿತ್ತು, ಎನ್ನಲಿಲ್ಲ. ನಂಬಿಕೆ ಇದೆ ಎಂಬ ಮಾತು ಕಿವಿಗೆ ಹಿತವಾಗಿತ್ತು.

ಪಂದ್ಯ ಮುಗಿಯಲು ಕೆಲವೇ ನಿಮಿಷ. ನಾವು ಒಂದು ಗೋಲು ಹಿಂದಿದ್ದೆವು. ನಮ್ಮ ಹುಡುಗನೊಬ್ಬ, ಹೊಳೆ ಸಾಲಿನ ಹಳ್ಳಿಯವನು, ಇಬ್ಬರನ್ನು ತಪ್ಪಿಸಿಕೊಂಡು ಪೆನಾಲ್ಟಿ ಬಾಕ್ಸಿನ ಒಳಕ್ಕೆ ಕಾಲಿಟ್ಟ. ಹಿಂದಿನಿಂದ ಬಂದವನು ಅವನ ಕಾಲಿಗೆ ಒದ್ದು ಕೆಡವಿದ. ನಾನು ಆರೇಳು ಮಾರು ದೂರದಲ್ಲಿದ್ದೆ. ಕಾಲಿಗೆ ಕಾಲು ತಾಗಿದ್ದು ಸುಣ್ಣದ ಗೆರೆಯ ಮೇಲೆ, ಸ್ಪಷ್ಟವಾಗಿ ಗೆರೆಯ ಮೇಲೆ. ಗೆರೆಯೂ ಬಾಕ್ಸಿಗೇ ಸೇರಿದ್ದು ಎಂಬುದು ನಿಯಮ. ಅದು ನನಗೆ ಆಗಲೂ ಗೊತ್ತಿತ್ತು. ಅದು ಪೆನಾಲ್ಟಿಯೇ.

ಸೀಟಿ ಊದಿದೆ. ಚೆಂಡನ್ನೆತ್ತಿಕೊಂಡೆ. ಶಾಮಿಯಾನದ ಕೆಳಗೆ ಕುಳಿತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನದೇ ಹುಡುಗರಿಗೆ, ಕೊನೆಯ ನಿಮಿಷದಲ್ಲಿ, ಪೆನಾಲ್ಟಿ ಕೊಟ್ಟರೆ ಏನೆಂದಾರು? ಆ ಒಂದು ಯೋಚನೆ ಬಂದಿತು. ಚೆಂಡನ್ನು ಗೆರೆಯಿಂದ ಒಂದು ಹೆಜ್ಜೆ ಹೊರಗೆ ಇಟ್ಟೆ. ಫ್ರೀ ಕಿಕ್ ಎಂದೆ.

ಆ ಹುಡುಗ ಎದ್ದು ಬಂದ. ಮೊಣಕಾಲಿನ ರಕ್ತಕ್ಕೆ ಸುಣ್ಣದ ಪುಡಿ ಮೆತ್ತಿಕೊಂಡಿತ್ತು. "ಅಜ್ಜಯ್ಯನ ಆಣೆ ಸಾರ್, ಒಳಗೇ ಒದ್ದಿದ್ದು" ಎಂದ. ನಮ್ಮ ಕಡೆ ಆ ಆಣೆಯನ್ನು ಯಾರೂ ಸುಮ್ಮನೆ ಇಡುವುದಿಲ್ಲವೆಂದು ನಿಮಗೆ ಗೊತ್ತು. ನಾನು ಅವನ ಮುಖ ನೋಡದೆ, "ಹೋಗು, ಆಡು" ಎಂದೆ. ಅವನು ಒದೆದ ಚೆಂಡು ಗೋಡೆಗೆ ಬಡಿದು ಹೊರಗೆ ಹೋಯಿತು. ಸೋತೆವು.

ಪಂದ್ಯದ ಬಳಿಕ ಆತಿಥೇಯರು ಮಂಡಕ್ಕಿ, ಮಿರ್ಚಿ, ಚಹಾ ಕೊಟ್ಟು, "ಎಂಥ ನಿಷ್ಪಕ್ಷಪಾತಿ ಮೇಷ್ಟ್ರು!" ಎಂದು ಹೊಗಳಿದರು. ನಾನು ಆ ಮಿರ್ಚಿ ತಿಂದೆ. ಆ ಹುಡುಗ ನಲ್ಲಿಯ ಹತ್ತಿರ ಮೊಣಕಾಲು ತೊಳೆದುಕೊಳ್ಳುತ್ತಿದ್ದ. ಆಮೇಲೆ ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗುವವರೆಗೂ ಅವನು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎಷ್ಟೋ ವರ್ಷ ನಾನು ನನಗೇ ಸಮಾಧಾನ ಹೇಳಿಕೊಂಡೆ: ಪೆನಾಲ್ಟಿ ಕೊಟ್ಟಿದ್ದರೂ ಅವನು ಗೋಲು ಹೊಡೆಯುತ್ತಿದ್ದನೆಂದು ಏನು ಖಾತ್ರಿ? ಮೊಣಕಾಲಿಗೆ ಸುಣ್ಣ ಮೆತ್ತಿದರೆ ಬಿದ್ದ ಜಾಗ ತಿಳಿಯುತ್ತದೆಯೇ ಹೊರತು ತಪ್ಪು ನಡೆದ ಜಾಗವಲ್ಲವಲ್ಲ? ಇವೆಲ್ಲ ಜಾಣತನದ ಮಾತುಗಳು. ತಪ್ಪು ನಡೆದ ಜಾಗವನ್ನು ನಾನು ಕಣ್ಣಾರೆ ನೋಡಿದ್ದೆ. ನಾನು ಸರಿಸಿದ್ದು ಚೆಂಡನ್ನು ಮಾತ್ರವಲ್ಲ, ನಡೆದ ಸಂಗತಿಯನ್ನೇ. ಒದ್ದವನ ತಪ್ಪನ್ನು ಒಂದು ಹೆಜ್ಜೆ ಚಿಕ್ಕದು ಮಾಡಿದೆ. ಬಿದ್ದವನ ಮಾತನ್ನು ಸುಳ್ಳು ಮಾಡಿದೆ. ಅದರಿಂದ ಬಂದ ಲಾಭ ನನ್ನ ಹೆಸರಿಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿದ್ದೇನೆ! ಒಂದು ಹೆಜ್ಜೆಗೆ ಹೋದ ಮಾನದ ಕಥೆಯನ್ನು ಮಾತ್ರ ಹೇಳಿರಲಿಲ್ಲ.

ಹೀಗಾಗಿ "ಎಲ್ಲಿಟ್ಟರೇನು?" ಎಂಬ ಮಾತನ್ನು ನಾನು ಒಪ್ಪಲಾರೆ. ಆ ಮಾತನ್ನು ಆಡುವವರು ಸಾಮಾನ್ಯವಾಗಿ ಬಿದ್ದವರಲ್ಲ. ಬೀಳಿಸಿದವರು, ಇಲ್ಲವೇ ನನ್ನಂತೆ ಸೀಟಿ ಹಿಡಿದು ಹೆದರಿದವರು. ನಡುವೆ ಇಡುವುದು ನ್ಯಾಯವಲ್ಲ. ಇಬ್ಬರನ್ನೂ ಸಮಾಧಾನಪಡಿಸುವುದು ತೀರ್ಪುಗಾರನ ಕೆಲಸವೂ ಅಲ್ಲ. ಹಿಡಿದೆಳೆಯುವುದು ಬಾಕ್ಸಿನ ಹೊರಗೆ ಆರಂಭವಾಗಿ ಒಳಗೂ ಮುಂದುವರಿದರೆ ಪೆನಾಲ್ಟಿಯನ್ನೇ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಅಷ್ಟು ಸೂಕ್ಷ್ಮವಾಗಿ ಜಾಗವನ್ನು ಯೋಚಿಸಿದವರು ಸುಮ್ಮನೆ ಕಾಲಹರಣಕ್ಕಾಗಿ ಯೋಚಿಸಿದ್ದಲ್ಲ.

ನಿಮ್ಮಲ್ಲಿ ಕೆಲವರು ಈಗ ದೈಹಿಕ ಶಿಕ್ಷಕರಾಗಿದ್ದೀರಿ, ಹಲವರು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ತಂದೆತಾಯಿಯರು. ಮೈದಾನಕ್ಕೆ ಟೇಪು ಹಿಡಿದು ಹೋಗಿ ಎಂದು ನಾನು ಹೇಳುವುದಿಲ್ಲ. ತಪ್ಪು ನಡೆದೊಡನೆ ಓಡಿ ಹೋಗಿ ಆ ಜಾಗದಲ್ಲಿ ನೀವೇ ನಿಲ್ಲಿ. ಚೆಂಡನ್ನು ನಿಮ್ಮ ಕಾಲ ಬುಡಕ್ಕೆ ತರಿಸಿಕೊಳ್ಳಿ. ಮುಂದಕ್ಕೆ ಇಟ್ಟರೆ ಹಿಂದಕ್ಕೆ ತನ್ನಿ, ಅದು ನಿಮ್ಮ ಮಗನೇ ಇಟ್ಟಿದ್ದರೂ. ಹಿಂದಕ್ಕೆ ನೂಕಿದರೆ ಮುಂದಕ್ಕೆ ತನ್ನಿ, ನೂಕಿದವನು ಯಾರ ಮಗನೇ ಆಗಿದ್ದರೂ. ಗೆರೆಯ ಮೇಲೆ ನಡೆದದ್ದು ಒಳಗೇ ನಡೆದದ್ದು.

ಆ ದಿನದ ತಂಡದಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹುಡುಗ ಯಾರೆಂದು ನಿಮಗೆ ಗೊತ್ತಿರುತ್ತದೆ. ಅವನಿಗೆ ತಲುಪಿಸಿ. ಅವನು ಹೇಳಿದ್ದು ನಿಜ, ಅದು ಒಳಗೇ ನಡೆದದ್ದು, ಮೇಷ್ಟ್ರು ನೋಡಿದ್ದರು ಎಂದು ಹೇಳಿ. ಮುಂದಿನ ಅಮಾವಾಸ್ಯೆಗೂ ಉಕ್ಕಡಗಾತ್ರಿಗೆ ಹೋಗುವವನಿದ್ದೇನೆ. ಅವನು ಬಂದರೆ ಹೊಳೆಯ ದಡದಲ್ಲಿ ಸಿಗುತ್ತೇನೆ.

ನಿಮ್ಮ ಮೇಷ್ಟ್ರು